ಇಲ್ಲದ ಹೊಟ್ಟೆನೋವು

ಸಾವಿರದ ಒಂಬೈನೂರ ಅರವತ್ತೈದರಲ್ಲಿ, ಈಸ್ಟರ್ ಹಬ್ಬದ ಮುಂಚಿನ ತಪಸ್ಸುಕಾಲದಲ್ಲಿ, ನನ್ನ ತಮ್ಮ ಲಾರೆನ್ಸ್ ಪೂಜೆಯ ಪರಮಪ್ರಸಾದ ತೆಗೆದುಕೊಳ್ಳುವುದನ್ನು ಬಿಟ್ಟ. ವಿಶ್ವಾಸಿಗಳೇ, ಅದಕ್ಕೆ ಕಾರಣ ಅವನ ಅಕ್ಕನಾದ ನಾನು.

ನಾನು ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು. ತಾಯಿಯಿಲ್ಲದ ತಮ್ಮನನ್ನು ಅಪ್ಪ ಸಾಗರಕ್ಕೆ, ಫಾದರ್‌ಗಳ ಗಂಡುಮಕ್ಕಳ ಶಾಲೆಗೆ ಹಾಕಿದರು. ಅಲ್ಲಿ ಶನಿವಾರ ಧರ್ಮೋಪದೇಶ ಮುಗಿದ ಮೇಲೆ ಒಬ್ಬೊಬ್ಬ ಹುಡುಗನೂ ಕೈಲಾಗದವರೊಬ್ಬರ ಮನೆಗೆ ಹೋಗಿ ಕೆಲಸ ಮಾಡಿಕೊಡಬೇಕು. ರಜೆ ಹೋಗುವವನು ತನ್ನ ಮನೆಯನ್ನು ಇನ್ನೊಬ್ಬನಿಗೆ ಒಪ್ಪಿಸಿಯೇ ಹೋಗಬೇಕು. ಲಾರೆನ್ಸನ ಪಾಲಿಗೆ ಬಂದವಳು ದುಗ್ಗಮ್ಮ. ಊರು ಶರಾವತಿಯಲ್ಲಿ ಮುಳುಗಿ, ಪೇಟೆಯಂಚಿನ ಗುಡಿಸಲಿಗೆ ಬಂದಿದ್ದ ಆನೆಕಾಲಿನ ಮುದುಕಿ. ಅವನು ವಾರದ ನೀರು ತುಂಬಿಸಿ, ಅವಳ ಕಾಲು ತೊಳೆದು ಬರುತ್ತಿದ್ದ.

ಆಗ ನನಗೆ ತೀರ್ಥಹಳ್ಳಿಯ ಸಂಬಂಧ ನೋಡುತ್ತಿದ್ದರು. ಹುಡುಗನ ಸೋದರಮಾವ ಹೊಸನಗರದ ನಮ್ಮ ಮನೆಗೆ ಬಂದು, "ನಿಮ್ಮುಡುಗ ಮುದುಕಿ ಕಾಲು ತೊಳೀತಾನಂತಲ್ಲ? ಈ ವಿದ್ಯೆಗೆ ಬೋರ್ಡಿಂಗ್ ಯಾಕೆ ಮಾರಾಯ್ರೆ!" ಎಂದು ನಕ್ಕರು. ನನ್ನ ಮೈ ಉರಿಯಿತು. ಸಂಬಂಧ ಕುದುರುವವರೆಗಾದರೂ ಅವನು ಆ ಕೆಲಸದಿಂದ ದೂರವಿರಲಿ ಎಂದು, ಮರುದಿನ ಸಾಗರದ ಬಸ್ಸಿನ ಕಂಡಕ್ಟರ್ ಹತ್ತಿರ, ಅಕ್ಕನಿಗೆ ಹೊಟ್ಟೆನೋವು, ಕೂಡಲೇ ಬರಬೇಕಂತೆ ಎಂದು ಹೇಳಿಕಳಿಸಿದೆ. ಅವನು ಗಾಬರಿಯಲ್ಲಿ ಯಾರಿಗೂ ಒಪ್ಪಿಸದೆ ಓಡಿಬಂದ. ಎರಡು ವಾರ ನಾನು ಚಾಪೆ ಬಿಡಲಿಲ್ಲ. ಅವನು ಗಂಜಿ ಮಾಡಿ ಕುಡಿಸಿದ.

ಅಷ್ಟರಲ್ಲಿ ದುಗ್ಗಮ್ಮ ತಾನೇ ನೀರಿಗೆ ಹೋಗಿ ಬಾವಿಕಟ್ಟೆಯ ಹತ್ತಿರ ಜಾರಿಬಿದ್ದು ಸೊಂಟ ಮುರಿದುಕೊಂಡಳು.

"ಒಪ್ಸೋದು ಮರೆತೆ ಅಕ್ಕಾ. ನನ್ನಿಂದ್ಲೇ ಆಯ್ತು" ಎಂದ ಲಾರೆನ್ಸ್. ಭಾನುವಾರ ನಾನು ಸಾಗರದ ಪೂಜೆಗೆ ಹೋದಾಗಲೆಲ್ಲ, ಎಲ್ಲರೂ ಪ್ರಸಾದಕ್ಕೆ ಎದ್ದರೂ, ಪಾಪ ಹೊತ್ತವನು ಅದನ್ನು ಮುಟ್ಟಬಾರದೆಂದು ಅವನೊಬ್ಬ ಬೆಂಚಿನಲ್ಲೇ ಕೂತಿರುತ್ತಿದ್ದ.

ನನ್ನ ಸುಳ್ಳನ್ನು ಒಪ್ಪಿಕೊಳ್ಳಲು ನಾನು ಸಾಗರದ ಫಾದರ್ ಹತ್ತಿರ ಪಾಪನಿವೇದನೆಗೆ ಹೋದೆ. ಫಾದರ್ ಅವನಿಗೆ ತಿಳಿಸಿಬಿಡುತ್ತಾರೆ, ನಾನು ಬಾಯಿ ಬಿಡಬೇಕಾಗಿಲ್ಲ ಎಂಬ ಲೆಕ್ಕ ನನ್ನದು. ಜಾಲರಿಯಾಚೆಯಿಂದ ಅವರು, "ಇಲ್ಲಿ ಕೇಳಿದ್ದನ್ನ ನಾನು ಹೊರಗೆ ಆಡೋ ಹಾಗಿಲ್ಲ ಮಗಳೇ. ನೀನೇ ಹೇಳ್ಬೇಕು" ಎಂದರು.

ಹೇಳಲಿಲ್ಲ. ಒಂಬತ್ತು ದಿನ ಜಪಸರ ಹಿಡಿದು, ತಮ್ಮ ಪ್ರಸಾದಕ್ಕೆ ಏಳಲಿ, ನನ್ನ ಸುಳ್ಳು ಮುಚ್ಚಿಯೇ ಇರಲಿ ಎಂದು ಯೇಸುವಿನ ತಾಯಿ ಮರಿಯಮ್ಮನನ್ನು ಬೇಡಿದೆ. ಒಂಬತ್ತನೆಯ ದಿನ ಲಾರೆನ್ಸನ ಜೊತೆ ಆಸ್ಪತ್ರೆಗೆ ಹೋದೆ.

ದುಗ್ಗಮ್ಮ ನನ್ನ ಕೈ ಹಿಡಿದಳು. "ನೀನೇನಾ ಅಕ್ಕ? ಹೊಟ್ಟೆನೋವು ಹ್ಯಾಂಗೈತೆ ತಾಯಿ? ಇಲ್ಲಿಗೆ ನನ್ನ ನೋಡಾಕೆ ಬಂದ ಶಾಲೆ ಹುಡುಗ್ರು ಹೇಳಿದ್ರು. ನಮ್ಮೂರಮ್ಮಂಗೂ ಬೇಡ್ಕಂಡೆ, ನಿಮ್ಮ ಮರಿಯಮ್ಮಂಗೂ ಬೇಡ್ಕಂಡೆ. ಇಬ್ರಲ್ಲಿ ಒಬ್ರಿಗಾದ್ರೂ ಕಿವಿ ಇರ್ತದಲ್ಲ!"

"ನೋವು ಇರ್ಲೇ ಇಲ್ಲಜ್ಜಿ. ನಾನು ಸುಳ್ಳು ಹೇಳ್ದೆ" ಎಂದುಬಿಟ್ಟೆ.

ಲಾರೆನ್ಸ್ ಕೈಯಲ್ಲಿದ್ದ ಲೋಟ ಕೆಳಗಿಟ್ಟ. "ಗಂಜಿ ಕುಡಿಸುವಾಗ ನಿಂಗೆ ಹಸಿವಾದ್ರೂ ಇತ್ತಾ ಅಕ್ಕಾ?" ಎಂದಷ್ಟೇ ಕೇಳಿ ಹೊರಗೆ ಹೋದ.

ಮುಂದಿನ ಭಾನುವಾರ ಅವನು ಪ್ರಸಾದಕ್ಕೆ ಎದ್ದ. ಹಿಂತಿರುಗಿ ಬಂದು ನನ್ನ ಪಕ್ಕ ಕೂರಲಿಲ್ಲ. ಇವತ್ತಿಗೂ ಕೂರುವುದಿಲ್ಲ. ತೀರ್ಥಹಳ್ಳಿಯವರು ಬೇರೆ ಕಡೆ ಹೆಣ್ಣು ತಂದರು.

ಗುಡಿಸಲಿಗೆ ಮರಳಿದ ದುಗ್ಗಮ್ಮ ಮತ್ತೆ ನಡೆಯಲಿಲ್ಲ. ಅವಳು ಇರುವವರೆಗೆ ಪ್ರತಿ ಶನಿವಾರ ಮೊದಲ ಬಸ್ಸಿಗೆ ಹೋಗಿ ನಾನೇ ನೀರು ತುಂಬಿಸಿದೆ, ಕಾಲು ತೊಳೆದೆ. ಒಂದು ದಿನವೂ ಅವಳು ಬೈಯಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತು.

ನನ್ನ ಬಾಯಿ ಬಿಡಿಸಿದ ಮರಿಯಮ್ಮನಿಗೆ ವಂದನೆ. ಆಕೆ ಕೇಳುತ್ತಾಳೆ ಎಂಬುದರಲ್ಲಿ ಈಗ ನನಗೆ ಅನುಮಾನವಿಲ್ಲ. ಆದರೆ ಆ ಒಂಬತ್ತು ದಿನ ಆಕೆ ಕೇಳಿಸಿಕೊಂಡದ್ದು, ಸೊಂಟ ಮುರಿದು ಮಲಗಿ ನನ್ನ ಹೊಟ್ಟೆನೋವಿಗಾಗಿ ಬೇಡುತ್ತಿದ್ದವಳನ್ನು.