ಅತ್ತೆಯ ಕವಳೆ ಬೇಲಿ

ಅಣ್ಣನ ಮೊಮ್ಮಗಳ ಹುಟ್ಟುಹಬ್ಬಕ್ಕೆ ಚಿಕ್ಕಬಳ್ಳಾಪುರದ ಬೇಕರಿಯಿಂದ ಕೇಕು ಬಂದಿತ್ತು. ಮೇಲಿದ್ದ ಕೆಂಪು ಹಣ್ಣನ್ನು ಬಾಯಿಗೆ ಹಾಕಿಕೊಂಡೆ. ಸಕ್ಕರೆ ಕರಗಿ, ಅಡಿಯಲ್ಲಿದ್ದ ಹುಳಿ ನಾಲಿಗೆಗೆ ತಗುಲಿತು. ಚೆರ್ರಿಯಂತೆ ಚೆರ್ರಿ! ಕವಳೆಕಾಯಿಯನ್ನು ಪಾಕದಲ್ಲಿ ಬೇಯಿಸಿ, ಬಣ್ಣ ಹಾಕಿ, ಹೆಸರನ್ನೂ ಕಿತ್ತುಕೊಂಡಿದ್ದಾರೆ. ನನಗೆ ಮೈಯೆಲ್ಲ ಉರಿಯಿತು.

ಶಿಡ್ಲಘಟ್ಟದ ಹತ್ತಿರ ನಮ್ಮ ಟೊಮೆಟೊ ತೋಟಕ್ಕೂ ಪಕ್ಕದ ಹಿಪ್ಪುನೇರಳೆ ತೋಟಕ್ಕೂ ನಡುವೆ, ರಸ್ತೆಯವರೆಗೂ, ಕವಳೆ ಬೇಲಿಯಿತ್ತು. ಆ ತೋಟದ ಒಡತಿಯನ್ನು ಅತ್ತೆ ಎನ್ನುತ್ತಿದ್ದೆವು. ರಕ್ತಸಂಬಂಧವೇನೂ ಇರಲಿಲ್ಲ. ಕವಳೆ ಬೀಜ ಒಣಗಿದರೆ ಹುಟ್ಟುವುದಿಲ್ಲ. ಹಣ್ಣಿನಿಂದ ತೆಗೆದು ಹಸಿಯಾಗಿಯೇ ಊರಬೇಕು. ವರ್ಷ ವರ್ಷವೂ ಹಾಗೆ ಊರಿ, ಆಡು ನುಗ್ಗದಂತೆ ಬೇಲಿ ಬೆಳೆಸಿದ್ದರು. ಮಲ್ಲಿಗೆಯಂಥ ಬಿಳಿ ಹೂವು, ಮೈತುಂಬ ಮುಳ್ಳು... ರಸ್ತೆಯ ಕಡೆ ಬಿಟ್ಟ ಹಣ್ಣನ್ನು ಮಾತ್ರ ಅವರು ಮುಟ್ಟುತ್ತಿರಲಿಲ್ಲ. ಕೂಲಿಯವರು ಕೈ ಹಾಕಿದರೆ, “ಅದು ದಾರೀಲಿ ಹೋಗೋರ್ದು ಕಣಮ್ಮಾ, ಬಿಡು” ಎಂದು ಗದರುತ್ತಿದ್ದರು.

ನಾವು ಟೊಮೆಟೊಗೆ ಔಷಧಿ ಹೊಡೆಯುವವರು. ಅದರ ಹನಿ ಗಾಳಿಯಲ್ಲಿ ಹೋಗಿ ಹಿಪ್ಪುನೇರಳೆ ಸೊಪ್ಪಿನ ಮೇಲೆ ಬಿದ್ದರೆ, ಅದನ್ನು ತಿಂದ ರೇಷ್ಮೆ ಹುಳು ಉಳಿಯುವುದಿಲ್ಲ. ಅದಕ್ಕೆ ಆ ಬೇಲಿಯೇ ಅಡ್ಡ. ಇದು ಅಣ್ಣನಿಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು! ಆದರೂ ಅಳತೆ ಮಾಡಿಸಿದ. ಬೇಲಿ ನಮ್ಮ ಕಡೆಗೆ ಒಂದು ಗೇಣು ಬಂದಿದೆಯೆಂದು ಕಂಡುಬಂತು. ಟೇಪಿನ ಒಂದು ತುದಿ ಹಿಡಿದಿದ್ದವಳು ನಾನೇ, ನಮ್ಮ ಮನೆಗೆಲ್ಲ ಓದಿದವಳೆಂದರೆ ನಾನೊಬ್ಬಳೇ.

ಜೆಸಿಬಿ ಬಂದ ದಿನ ಅತ್ತೆ ಓಡಿಬಂದರು. “ಒಂದ್ ತಿಂಗ್ಳು ತಡಿ ನಾಯ್ನಾ. ಹುಳ ಗೂಡು ಕಟ್ಲಿ, ಕಾಯಿ ಹಣ್ಣಾಗ್ಲಿ. ಬೀಜ ತಕ್ಕೊಂಡು ನನ್ ಕಡೇಲೇ ಹಾಕ್ಕೋತೀನಿ.”

“ಕಂಬ, ತಂತಿ ಎಲ್ಲಾ ಬಂದಿದೆ ಅತ್ತೆ, ಆಗಲ್ಲ” ಎಂದ ಅಣ್ಣ. ನಾನು ಬಾಯಲ್ಲಿ ಕಡುಬು ಇಟ್ಟುಕೊಂಡವಳಂತೆ ನಿಂತಿದ್ದೆ. ಆ ನಾಚಿಕೆ ಇವತ್ತಿಗೂ ಹೋಗಿಲ್ಲ.

ಬೇಲಿ ಕಿತ್ತ ಮೂರನೇ ದಿನ ನಮ್ಮವರು ಔಷಧಿ ಹೊಡೆದರು. ಆ ವಾರವೇ ಅತ್ತೆ ಸತ್ತ ಹುಳುಗಳನ್ನು ಮೊರದಲ್ಲಿ ತಂದು ನಮ್ಮ ಜಗಲಿಯ ಮೇಲಿಟ್ಟರು. ಅಣ್ಣನನ್ನು ನೋಡಲಿಲ್ಲ, ನನ್ನನ್ನು ನೋಡಿದರು. “ಇವನ್ನೂ ಅಳತೆ ಮಾಡ್ಕೊಳ್ಳಮ್ಮ” ಎಂದು ಹೊರಟುಹೋದರು. ಮತ್ತೆ ನಮ್ಮ ಮನೆಯ ಮೆಟ್ಟಿಲು ತುಳಿಯಲಿಲ್ಲ. ಈಗ ಅವರೇ ಇಲ್ಲ...

“ಚೆರ್ರಿ ಚೆನ್ನಾಗಿದೆ, ಇನ್ನೊಂದ್ ಹಾಕ್ಕೊಳೇ” ಎಂದ ಅಣ್ಣ.

“ಚೆರ್ರಿ ಅಲ್ಲ ಕಣಣ್ಣ, ಕವಳೆ. ಅತ್ತೆ ಬೇಲೀಲಿತ್ತಲ್ಲ, ಅದೇ.”

ಅವನು ತಲೆ ಎತ್ತದೆ ಕೇಕು ಕತ್ತರಿಸತೊಡಗಿದ. ನಾನು ತಟ್ಟೆಯಲ್ಲಿದ್ದ ಹಣ್ಣುಗಳನ್ನು ಒಂದೊಂದಾಗಿ ಬಿಡಿಸಿ ನೋಡಿದೆ. ಒಂದರಲ್ಲೂ ಬೀಜವಿರಲಿಲ್ಲ.