ಬೆನ್ನು ನೋಡುವ ಸಿಸ್ಟರ್

ಯಾಸ್ಮೀನ ವಾರ್ಡಿಗೆ ಬಂದಳೆಂದರೆ ಮುಖ ನೋಡುವ ಮೊದಲು ಬೆನ್ನು ನೋಡುತ್ತಿದ್ದಳು. ಗದಗಿನ ಆ ದವಾಖಾನೆಯಲ್ಲಿ ಎದ್ದು ಓಡಾಡಲಾಗದೆ ಮಲಗಿದವರ ಮೈಯಲ್ಲಿ ಒತ್ತುಹುಣ್ಣು ಎದ್ದಿದೆಯೇ, ಎದ್ದಿದ್ದರೆ ಎಷ್ಟು ಅಗಲ, ಎಷ್ಟು ಆಳ, ನಿನ್ನೆಗಿಂತ ಹೆಚ್ಚೋ ಕಡಿಮೆಯೋ ಎಂದು ದಿನಾ ನೋಡಿ ಬರೆಯುವ ಕೆಲಸ ಅವಳದು. ಕಾಗದದ ಮೇಲೆ ಮನುಷ್ಯನ ಬೆನ್ನಿನ ಚಿತ್ರ ಅಚ್ಚಾಗಿರುತ್ತಿತ್ತು. ಹುಣ್ಣಿದ್ದ ಕಡೆ ಗುರುತು, ಪಕ್ಕದಲ್ಲಿ ಅಳತೆ. ನಮ್ಮ ಕಡೆಯ ಬಿಸಿಲುಂಡ ಕಪ್ಪು ಮೈಯಲ್ಲಿ ಕೆಂಪು ಬೇಗ ಕಾಣುವುದಿಲ್ಲ. ಅದಕ್ಕೇ ಅವಳು ಕೂಸಿನ ಜ್ವರ ನೋಡುವ ಹಾಗೆ ಕೈಯ ಹಿಂಬದಿ ಇಟ್ಟು ನೋಡುತ್ತಿದ್ದಳು: ಬಿಸಿ ಹತ್ತಿದೆಯೋ, ಗಟ್ಟಿಯಾಗಿದೆಯೋ.

ಅವಳ ಅಪ್ಪ ಅಬ್ದುಲಗನಿ ಲಕ್ಷ್ಮೇಶ್ವರದಲ್ಲಿ ಅರಳೆ ಹಿಂಜಿ ಗಾದಿ ಹೊಲಿಯುವವನು. "ಗಾದಿಯೊಳಗ ಒಂದ ಗಂಟ ಉಳಿದ್ರೂ ಮಲಗಿದಾವ ಮುಂಜಾನೆ ನನಗ ಬೈತಾನ" ಅನ್ನುತ್ತಿದ್ದ. ಹಾಗೆ ಬೈಯಲು ಮೈಯಲ್ಲಿ ನೋವಿನ ಖಬರ ಇರಬೇಕಲ್ಲ. ಯಾಸ್ಮೀನಳ ರೋಗಿಗಳಿಗೆ ಅದೂ ಇರುತ್ತಿರಲಿಲ್ಲ.

ಬೆಳ್ಳಟ್ಟಿಯ ಮುದಕಪ್ಪ ಅಂಥವನು. ಜೋಳದ ಕಣಕಿಯ ಬಣವೆ ಮೇಲಿಂದ ಬಿದ್ದು ಬೆನ್ನುಹುರಿ ಜಜ್ಜಿಹೋಗಿ, ಹಳೇ ಬಾಗಿಲ ಹಲಗೆಯ ಮೇಲೆ ಟ್ರ್ಯಾಕ್ಟರಿನಲ್ಲಿ ಶಿರಹಟ್ಟಿಗೆ, ಅಲ್ಲಿಂದ ಗದಗಿಗೆ ಬಂದಿದ್ದ. ಸೊಂಟದ ಕೆಳಗೆ ಚಿವುಟಿದರೂ ತಿಳಿಯದು. ಬಾಯಿ ಮಾತ್ರ ನೆಟ್ಟಗಿತ್ತು.

"ಏನವ್ವಾ, ದಿನಾ ಪಟ್ಟಿ ಹಿಡದು ಅಳೀತಿ. ಪ್ಲಾಟ್ ಮಾಡಿ ಮಾರಾಕಿ ಏನ?"

"ಗಿರಾಕಿ ಸಿಗವಲ್ರು, ಕಾಕಾ."

ಪಕ್ಕದಲ್ಲಿ ಕುಳಿತ ಹೆಂಡತಿ ಗದಿಗೆವ್ವ ಬಿಡುವವಳಲ್ಲ. "ಅದರ ಜೋಡಿ ಆ ಬಾಯಿನೂ ಮಾರಿಬಿಡವ್ವಾ. ಹೆಚ್ಚಿಗಿ ರೇಟ್ ಅದಕ್ಕ ಬರ್ತೈತಿ."

ಬಂದ ದಿನವೇ ಅವನ ಬಾಲದೆಲುಬಿನ ಮೇಲೆ ನೇರಳೆ ಬಣ್ಣದ ಕಲೆಯಿತ್ತು. ತೊಗಲು ಹರಿದಿರಲಿಲ್ಲ. ಯಾಸ್ಮೀನ ಗುರುತು ಹಾಕಿ ಬರೆದಳು. ಡಾಕ್ಟರು ಗದಿಗೆವ್ವನಿಗೆ ಮುಚ್ಚುಮರೆಯಿಲ್ಲದೆ ಹೇಳಿದರು: ಇದು ಎಲುಬಿನ ತನಕ ಇಳಿದರೆ ನಂಜು ರಕ್ತಕ್ಕೆ ಏರುತ್ತದೆ, ಆಮೇಲೆ ಜೀವ ಉಳಿಸುವುದು ಕಷ್ಟ. ಅಂಗಾತ ಮಲಗಿಸಬೇಡಿ, ಹೊತ್ತುಹೊತ್ತಿಗೆ ಮಗ್ಗುಲು ಬದಲಿಸಿ.

ಬದಲಿಸುತ್ತಲೇ ಇದ್ದರು. ಆದರೂ ಅಳತೆ ಏರುತ್ತಿತ್ತು. ಕಲೆಯ ಸುತ್ತ ಬಳೆಯಂಥ ಗೆರೆಯೊಂದು ಮೂಡಿದಾಗ ಯಾಸ್ಮೀನಳಿಗೆ ಸಂಶಯ ಬಂತು. ಒಂದು ಮಧ್ಯಾಹ್ನ ಹೇಳದೆ ಕೇಳದೆ ಬಂದು ನೋಡಿದರೆ ಮುದಕಪ್ಪ ಅಂಗಾತ ಮಲಗಿದ್ದಾನೆ, ಕುಂಡಿಯ ಕೆಳಗೆ ಸಿಂಬಿ! ಕೊಡ ಹೊರುವಾಗ ತಲೆಯ ಮೇಲಿಡುತ್ತಾರಲ್ಲ, ಅದೇ ಅರಿವೆಯ ಸುರುಳಿ. ಗದಿಗೆವ್ವ ತನ್ನ ಮೆತ್ತನೆಯ ಹಳೇ ಸೀರೆ ಹರಿದು ಸುತ್ತಿದ್ದಳು.

"ಭುಜ ನೋಯ್ತಾವ ಅಂದ್ರು. ಅದಕ್ಕ ಹೊಳ್ಳಿಸಿ ಅಂಗಾತ ಮಾಡಿ, ಗಾಯಕ್ಕ ಗಾದಿ ತಾಗಬಾರದಂತ ಇಟ್ನಿ. ತುಂಬಿದ ಕೊಡದ ಭಾರ ತಡೀತೈತಿ, ಇದನ್ನ ತಡಿಯೂದಿಲ್ಲೇನು?"

"ಅವ್ವಾ, ಬೆರಳಿಗೆ ದಾರ ಬಿಗದು ಸುತ್ತಿದ್ರ ತುದಿ ನೀಲಿ ಆಗತೈತಿಲ್ಲೋ? ಹಂಗ ಇದು. ಸುತ್ತಲಿಂದ ಒತ್ತಿ ನಡುವಿಗೆ ರಕ್ತನ ಬರಗೊಡೂದಿಲ್ಲ."

ಗದಿಗೆವ್ವ ಸಿಂಬಿಯನ್ನು ಉಡಿಯಲ್ಲಿ ಮುಚ್ಚಿಕೊಂಡು ಕುಳಿತುಬಿಟ್ಟಳು.

ಯಾಸ್ಮೀನ ಅದನ್ನೂ ಬರೆದಳು. ಅದನ್ನು ಓದಿದ ಹಿರಿಯ ಸಿಸ್ಟರ್ ಅನ್ನಪೂರ್ಣವ್ವ, "ನಾಳಿಂದ ಆಕಿ ಗೇಟಿನ ಹೊರಗ" ಅಂದರು.

"ಆಕಿನ್ನ ಕಳಸಿದ್ರ ಮಗ್ಗಲಾ ಹೊಳ್ಳಸೋರು ಯಾರ್ರಿ? ಇಷ್ಟ ಮಂದಿಗೆ ನಾವ ಇಬ್ರು."

"ಹಂಗಾರ ನೀನ ಕಲಿಸು. ಮತ್ತ ತಪ್ಪಿದ್ರ ನನ್ನ ಮುಂದ ಅಳಬ್ಯಾಡ."

ಕಲಿಸಿದಳು. ಎಳೆಯಬಾರದು, ಎತ್ತಬೇಕು. ಮೊಣಕಾಲ ನಡುವೆ ದಿಂಬು ಇಡಬೇಕು. ಹಾಸಿಗೆಯಲ್ಲಿ ಒಂದು ಸುಕ್ಕೂ ಇರಬಾರದು. ಗದಿಗೆವ್ವ ಮತ್ತೆ ತಪ್ಪಲಿಲ್ಲ. ಊಟ ಬಿಟ್ಟಾಳು, ಮಗ್ಗುಲು ಬದಲಿಸುವ ಹೊತ್ತು ಬಿಡಳು.

ಆದರೆ ಗಾಯ ಯಾರ ಮಾತನ್ನೂ ಕೇಳಲಿಲ್ಲ. ನೇರಳೆ ಕಪ್ಪಾಯಿತು, ಕಪ್ಪು ಕಳಚಿ ಬಿತ್ತು, ಕೆಳಗೆ ಕುಳಿಯೇ ಇತ್ತು. ಆಳ ನೋಡಲು ಹತ್ತಿಯ ಕಡ್ಡಿ ಇಳಿಸಿದಾಗ ತುದಿಗೆ ಗಟ್ಟಿಯಾಗಿ ಎಲುಬು ತಾಗಿತು. ಯಾಸ್ಮೀನ ಕಡ್ಡಿ ತೆಗೆದು, ಅಳೆದು, ಬರೆದಳು. ಮನೆಗೆ ಹೋದ ಮೇಲೆ, ಬೆಟಗೇರಿಯಲ್ಲಿ, ಮಧ್ಯಾಹ್ನದ ನಿದ್ದೆಯಲ್ಲಿದ್ದ ಮಗಳು ಮಹೆಕ ತನ್ನಷ್ಟಕ್ಕೆ ಮಗ್ಗುಲಾದದ್ದನ್ನು ಕಂಡು, ಅವಳ ಕೆಳಗಿನ ಹಾಸಿಗೆಯ ಸುಕ್ಕನ್ನು ಕೈಯಿಂದ ನೀವಿದಳು.

ಜ್ವರ ಏರಿತು. ಅಳತೆಪಟ್ಟಿ ಹಿಡಿದು ಬಂದರೂ ಮುದಕಪ್ಪ ಚೇಷ್ಟೆ ಮಾಡಲಿಲ್ಲ. ಔಷಧಿ ಬದಲಿಸಿದರು, ಮತ್ತೆ ಬದಲಿಸಿದರು. ಒಂದು ಮುಂಜಾನೆ ತೀರಿಹೋದ.

ಗದಿಗೆವ್ವ ಯಾಸ್ಮೀನಳ ಕೈ ಹಿಡಿದಳು. "ಖರೆ ಹೇಳು. ನನ್ನ ಸಿಂಬಿಲಿಂದ ಹೋದ್ರೇನು?"

ದೇವರ ಇಚ್ಛೆ ಅನ್ನಬಹುದಿತ್ತು. ಇಷ್ಟು ದಿನ ಇದ್ದದ್ದು ಇದ್ದ ಹಾಗೆ ಬರೆದವಳು ಇದನ್ನೂ ಹಾಗೆಯೇ ಹೇಳಿದಳು.

"ಗಾಯ ಆ ಹಲಗಿ ಮ್ಯಾಲ ಹುಟ್ಟಿತ್ತು, ಅವ್ವಾ. ನೀವು ಬರೂದ್ರಾಗ ಒಳಗ ಮಾಂಸ ಸತ್ತಿತ್ತು. ಸಿಂಬಿ ಅದನ್ನ ಅಗಲ ಮಾಡ್ತು."

"ಅಂದ್ರ ನಂದೂ ಪಾಲ ಐತಿ."

"ಐತಿ. ಆಮ್ಯಾಲ ಅವರು ಇಷ್ಟು ದಿನ ಉಳದದ್ದರಾಗೂ ನಿಮ್ಮ ಪಾಲ ಐತಿ."

ಗದಿಗೆವ್ವ ಎರಡನೆಯ ಮಾತು ಕೇಳಿಸಿಕೊಂಡಳೋ ಇಲ್ಲವೋ. ಗಂಡನ ಕಾಲು ನೀವುತ್ತ ನಿಂತಳು. ಹೊರಗೆ ಗಾಡಿ ಬಂದಿತ್ತು, ಊರಿನವರು ಜಲ್ದಿ ಅನ್ನುತ್ತಿದ್ದರು.

"ಯವ್ವಾ, ನಮ್ಮಾಗ ಹೆಣಾನ ಕುಣಿಯೊಳಗ ಕುಂಡ್ರಿಸಿ ಮಣ್ಣ ಕೊಡ್ತಾರ" ಅಂದಳು.

ಯಾಸ್ಮೀನಳಿಗೆ ತಕ್ಷಣ ತಿಳಿಯಲಿಲ್ಲ.

"ಭಾರೆಲ್ಲಾ ಆ ಗಾಯದ ಮ್ಯಾಲ ಬೀಳತೈತಿ. ದಪ್ಪಗ ಪಟ್ಟಿ ಕಟ್ಟಿ ಕೊಡವ್ವಾ."

ಸತ್ತವನಿಗೆ ಯಾಕೆ ಪಟ್ಟಿ ಎಂದು ಯಾಸ್ಮೀನ ಕೇಳಲಿಲ್ಲ. ಬಿಸಿನೀರು, ಹತ್ತಿ, ಹೊಸ ಪಟ್ಟಿ ತಂದಳು. ಗದಿಗೆವ್ವ ಭುಜ ಹಿಡಿದಳು, ಯಾಸ್ಮೀನ ಸೊಂಟ. ಇಬ್ಬರೂ ಕೂಡಿ ಅವನನ್ನು ಎತ್ತಿ ಮಗ್ಗುಲು ಮಾಡಿದರು.

"ಸಾವಕಾಶ" ಅಂದಳು ಗದಿಗೆವ್ವ. "ಸಾವಕಾಶ."