ಇಳಕಲ್ಲಿಗೆ ಒಯ್ದ ಮುರಿದ ಶಾಫ್ಟು

ಬಾದಾಮಿಯಿಂದ ಬೆಳಗಿನ ಆರೂವರೆಯ ಬಸ್ಸು ಹಿಡಿದೆ. ಕೈಯಲ್ಲೊಂದು ಗೋಣಿಚೀಲ. ಅದರೊಳಗೆ ನಮ್ಮ ಜೀಪಿನ ಹಿಂದಿನ ಗಾಲಿ ತಿರುಗಿಸುವ ಶಾಫ್ಟಿನ ಎರಡು ತುಂಡು. ಆಷಾಢದ ಗಾಳಿ ಬೀಸುತ್ತಿತ್ತು, ಮೋಡವಿದ್ದೂ ಒಂದು ಹನಿ ಇಲ್ಲ. ಕೆರೂರಿನಲ್ಲಿ ಕಂಡಕ್ಟರ್ "ಚೀಲದಾಗ ಏನೈತ್ರಿ?" ಎಂದಾಗ ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿಕೊಂಡೆ. "ಹಳೇ ಕಬ್ಬಿಣರಿ" ಎಂದೆ. ಲಗೇಜಿಗೆಂದು ಹತ್ತು ರೂಪಾಯಿ ಇಸಿದುಕೊಂಡ.

ಜೀಪು ನನ್ನದು, ಓಡಿಸುವವನು ಗೆಳೆಯ ಮೌಲಾಸಾಬ. ರಸ್ತೆಯೇ ಇಲ್ಲದ ಗುಡ್ಡದ ಕುರಿಹಟ್ಟಿಗಳಿಗೆ ನೀರು, ಹಿಂಡಿ ಒಯ್ಯುವುದು ನಮ್ಮ ಕೆಲಸ. ಹದಿನೈದು ದಿನದ ಹಿಂದೆ ಬಂಡೆಯ ಏರಿನಲ್ಲಿ ಶಾಫ್ಟು ಮುರಿಯಿತು. ತುಂಬಿದ ಜೀಪು ಹಿಂದಕ್ಕೆ ಜಾರಿ ಉರುಳಿತು. ಮೌಲಾನ ಬಲಪಾದ ತೆಗೆಯಬೇಕಾಯಿತು. ಅವನು ಎಕ್ಸಲೇಟರ್ ಜೋರಾಗಿ ಒತ್ತಿದ್ದೇ ತಪ್ಪು ಎಂದು ಊರೆಲ್ಲ ಅಂದಿತು, ಅವನೂ ಅದನ್ನೇ ನಂಬಿದ. ನನಗೊಂದು ಅನುಮಾನ ಒಳಗೇ ಕೊರೆಯುತ್ತಿತ್ತು, ಆದರೆ ಬಾಯಿ ಬಿಡಲಿಲ್ಲ.

ಬಾಗಲಕೋಟೆಯಲ್ಲಿ ಇಳಿದು ಮೊದಲು ದವಾಖಾನೆಗೆ ಹೋದೆ. ವರಾಂಡದಲ್ಲಿ ಮೌಲಾನ ತಾಯಿ ಹುಸೇನಬಿ ಎದ್ದು ನಿಂತಳು.

"ಹುಚ್ಚರಂಗ ಗಾಡಿ ಹೊಡದು ಕಾಲೂ ಕಳಕೊಂಡಾ, ನಿನ್ನ ಜೀಪೂ ಹಾಳ ಮಾಡಿದಾ. ಸಿಟ್ಟಾಗಬ್ಯಾಡಪಾ ಬೀರಪ್ಪಾ."

ದಿನಾ ಅದೇ ಮಾತು, ಒಳಗೆ ಮಲಗಿದ ಮಗನಿಗೆ ಕೇಳುವಷ್ಟು ಜೋರಾಗಿ. "ಇರ್ಲಿ ಬಿಡವ್ವಾ" ಎಂದು ದೊಡ್ಡ ಮನುಷ್ಯನಂತೆ ಹೇಳಿ ಬಸ್ ಸ್ಟ್ಯಾಂಡಿಗೆ ನಡೆದೆ. ನನ್ನ ಮೇಲೆ ನನಗೇ ಹೇಸಿಕೆಯಾಯಿತು.

ಹುನಗುಂದದ ಬಸ್ಸು ಕಮತಗಿಯಲ್ಲಿ ತುಂಬಿ, ಚೀಲ ತೊಡೆಯ ಮೇಲೆ ಬಂತು. ಹುನಗುಂದದಲ್ಲಿ ಬಸ್ಸು ಬದಲಿಸುವಾಗ ಚುರುಮುರಿ, ಮಿರ್ಚಿ ತೆಗೆದುಕೊಂಡೆ. ಅಲ್ಲಿಂದ ಇಳಕಲ್ಲು ಅರ್ಧ ತಾಸಿನ ದಾರಿ.

ಕಾಳಪ್ಪ ಮಿಸ್ತ್ರಿಯ ಲೇಥ್ ಅಂಗಡಿ ಗ್ರಾನೈಟ್ ಕ್ವಾರಿಗಳ ಹಾದಿಯಲ್ಲಿದೆ. ಲಾರಿಗಳ ಹಳೆಯ ಎಕ್ಸೆಲ್ ಕಡೆದು ಜೀಪುಗಳಿಗೆ ಗಟ್ಟಿ ಶಾಫ್ಟು ಮಾಡುವುದರಲ್ಲಿ ಅವರದು ಎತ್ತಿದ ಕೈ. ನಮ್ಮದನ್ನೂ ಹೋದ ವರ್ಷ ಅವರೇ ಮಾಡಿದ್ದರು. ಶಾಫ್ಟಿನ ತುದಿಯಲ್ಲಿ ಕೊರೆದ ಹಲ್ಲುಗಳ ಬುಡ ಎಷ್ಟು ದಪ್ಪವೋ ಅಷ್ಟಕ್ಕೇ ನಡುವನ್ನೂ ಸಣ್ಣಗೆ ಕಡೆಯುತ್ತೇನೆ ಎಂದು ಅವರು ಹೇಳಿದಾಗ ನಾನು ನಕ್ಕಿದ್ದೆ. "ದಪ್ಪ ಇದ್ರ ಗಟ್ಟಿ ಇರ್ತೈತ್ರಿ. ಇದ್ದ ಕಬ್ಬಿಣ ಯಾಕ ಕೆತ್ತಿ ಒಗೀತೀರಿ?" ಎಂದು ಹಟ ಹಿಡಿದು ನಡುವನ್ನು ದಪ್ಪವಾಗಿಯೇ ಬಿಡಿಸಿದ್ದೆ.

ಮಿಸ್ತ್ರಿ ತುಂಡುಗಳನ್ನು ಬಾಗಿಲ ಬೆಳಕಿಗೆ ಹಿಡಿದರು. ಮುರಿದ ಬಾಯಿಯ ಅರ್ಧ ತುಕ್ಕಿನಿಂದ ಕಪ್ಪಾಗಿತ್ತು, ಉಳಿದರ್ಧ ಹೊಸದಾಗಿ ಹೊಳೆಯುತ್ತಿತ್ತು.

"ಕಪ್ಪಾಗಿದ್ದು ಯಾವಾಗೋ ಸೀಳಿದ್ದು. ನಡಾ ಸಣ್ಣ ಇದ್ರ ಶಾಫ್ಟು ಉದ್ದಕ್ಕೂ ತುಸು ತುಸು ತಿರುಚಿ ಪೆಟ್ಟು ತಡಕೋತದ. ನಿಮ್ಮ ದಪ್ಪ ನಡಾ ತಿರುಚಲಿಲ್ಲ, ಪೆಟ್ಟೆಲ್ಲಾ ಹಲ್ಲಿನ ಬುಡಕ್ಕ ಬಿತ್ತು. ಓಡಿಸಿದಾಂವಂದು ತಪ್ಪಿಲ್ಲರಿ."

"ನಂದೈತಿ ಅನ್ರಿ" ಎಂದೆ.

"ನಿಮ್ಮ ಮಾತು ಕೇಳಿದ್ದು ನಂದೂ ತಪ್ಪ" ಎಂದು ಕನ್ನಡಕ ತೆಗೆದು ಒರೆಸಿಕೊಂಡರು. ಆಮೇಲೆ ಇನ್ನೊಂದು ಎಕ್ಸೆಲ್ ಲೇಥಿಗೆ ಏರಿಸಿ ನಡು ಸಣ್ಣಗೆ ಕಡೆಯತೊಡಗಿದರು. ಕಬ್ಬಿಣದ ಸುರುಳಿಗಳು ಕಾಲ ಬಳಿ ಬೀಳುತ್ತಿದ್ದವು. ಕಾಯಿಸಿ ಹದ ಮಾಡಲು ನಾಲ್ಕು ದಿನ ಬೇಕೆಂದರು. ಹೂಂ ಎಂದೆ. ಓಡಿಸುವವರು ಯಾರು ಎಂದು ಅವರು ಕೇಳಲಿಲ್ಲ.

ಸಂಜೆ ಬಾಗಲಕೋಟೆಗೆ ಮರಳಿದೆ. ಮೌಲಾ ಎಚ್ಚರವಿದ್ದ. ಎಲ್ಲ ಹೇಳಿದೆ. ಅವನು ಗೋಡೆಯ ಕಡೆ ಹೊರಳಿದ.

"ನನಗ ಹೇಳಿ ಏನ ಮಾಡ್ತಿ ಲೇ? ನಮ್ಮವ್ವಗ ಹೇಳ ಹೋಗು."

ವರಾಂಡಕ್ಕೆ ಬಂದು ಹೇಳಿದೆ. ಹುಸೇನಬಿ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚಲೋ ಇತ್ತು.

"ಹದಿನೈದು ದಿವ್ಸ ಮಗಗ ಬೈದೆನಲ್ಲೋ ಬೀರಪ್ಪಾ" ಎಂದಳು. "ನಿನ್ನ ಮುಂದನ ಬೈದೆ. ನೀ ಕೇಳಕೋತ ನಿಂತಿದ್ದಿ."

ಎದ್ದು ಒಳಗೆ ಹೋದಳು. ಅವಳ ಹಿಂದೆ ಹೋಗುವ ಧೈರ್ಯ ನನಗಾಗಲಿಲ್ಲ. ಬಾದಾಮಿಯ ಬಸ್ಸಿಗೆ ನಡೆದೆ.